ಗುಂಡಿಗೆಗೆ ರಕ್ತ ಎಷ್ಟು ಹೋಗ್ತಿದೆ? ಎಂಆರ್‌ಐ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಎದೆನೋವಿನ ಬಗ್ಗೆ ಬರೆಯುವಾಗ "ಸ್ಟ್ರೆಸ್ ಎಂಆರ್‌ಐ ಅಂತ ಒಂದಿದೆ, ಅದರ ಕಥೆ ಇನ್ನೊಮ್ಮೆ" ಅಂತ ಒಂದು ಸಾಲು ಬರೆದು ಬಿಟ್ಟಿದ್ದೆ. ಔಷಧಿ ಕೊಟ್ಟು ಹೃದಯದ ಸ್ನಾಯುವಿಗೆ ರಕ್ತದ ಹರಿವು ಏರುವ ಹಾಗೆ ಮಾಡಿ ತೆಗೆಯುವ ಎಂಆರ್‌ಐ ಅದು. ಆ ಸಾಲಿಗೆ ಬಂದಷ್ಟು ಪತ್ರ ಇಡೀ ಲೇಖನಕ್ಕೆ ಬರಲಿಲ್ಲ. ಎಲ್ಲದಕ್ಕೂ ಉತ್ತರ ಬರೆಯೋದು ಆಗಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ, ಹೆಸರು ಊರು ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 64 ವರ್ಷ. ಎರಡು ಮಹಡಿ ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ನಿಂತರೆ ಹೋಗುತ್ತದೆ. ಇಸಿಜಿ ನಾರ್ಮಲ್, ಎಕೋ ನಾರ್ಮಲ್. ಈಗ ಸ್ಟ್ರೆಸ್ ಎಂಆರ್‌ಐ ಬರೆದುಕೊಟ್ಟಿದ್ದಾರೆ. ಎರಡು ನಾರ್ಮಲ್ ಬಂದ ಮೇಲೂ ಮೂರನೆಯದು ಯಾಕೆ? ಮಾಡಲೇಬೇಕು ಅಂದರೆ ನೇರವಾಗಿ ಆಂಜಿಯೋಗ್ರಾಮ್ ಮಾಡಿಸಬಾರದಾ?

ಉತ್ತರ: ನಿಮ್ಮ ತಂದೆಗೆ ಕೂತಾಗ ನೋವಿಲ್ಲ, ಹತ್ತಿದಾಗ ಇದೆ. ಇಸಿಜಿ, ಎಕೋ ಎರಡನ್ನೂ ಮಾಡಿದ್ದು ಮಲಗಿಸಿ. ನೋವೇ ಇಲ್ಲದ ಹೊತ್ತಿನಲ್ಲಿ ನೋವಿನ ಕಾರಣ ಹುಡುಕಿದ ಹಾಗಾಯಿತು, ಅಲ್ವಾ?

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೃದಯದೊಳಗೆ ಸದಾ ರಕ್ತ ತುಂಬಿರುತ್ತದೆ, ಆದರೆ ಅದರ ಗೋಡೆಯ ಸ್ನಾಯುವಿಗೆ ಆ ರಕ್ತ ನೇರವಾಗಿ ಸಿಗೋದಿಲ್ಲ. ಹೊರಗಿನಿಂದ ಸುತ್ತಿಕೊಂಡು ಬರುವ ಕೊರೊನರಿ ರಕ್ತನಾಳಗಳೇ ಅದಕ್ಕೆ ಊಟ ತರಬೇಕು. ಇನ್ನೊಂದು ತಮಾಷೆ ಇದೆ. ದೇಹ ಒಟ್ಟಾರೆ ನೋಡಿದರೆ, ಸುಮ್ನೆ ಕೂತಾಗ, ರಕ್ತದಲ್ಲಿ ಬಂದ ಆಮ್ಲಜನಕದ ಕಾಲು ಭಾಗವನ್ನಷ್ಟೇ ಬಳಸುತ್ತದೆ. ಹೃದಯದ ಸ್ನಾಯು ಮಾತ್ರ ಮುಕ್ಕಾಲು ಭಾಗದ ಹತ್ತಿರ ಆಗಲೇ ಹೀರಿಬಿಟ್ಟಿರುತ್ತದೆ. ಹಾಗಾಗಿ ಮೆಟ್ಟಿಲು ಹತ್ತುವಾಗ ಜಾಸ್ತಿ ಆಮ್ಲಜನಕ ಬೇಕು ಅಂದರೆ ಅದಕ್ಕೆ ಉಳಿದಿರೋದು ಒಂದೇ ದಾರಿ, ಜಾಸ್ತಿ ರಕ್ತ ತರಿಸಿಕೊಳ್ಳೋದು. ವಿಶ್ರಾಂತಿಯಲ್ಲಿ ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಸುಮಾರು 1 ಮಿಲಿಲೀಟರ್ ರಕ್ತ ಹೋಗುತ್ತಿದ್ದರೆ, ಆರೋಗ್ಯವಂತರಲ್ಲಿ ಅದು 3–4 ಮಿಲಿಲೀಟರ್‌ವರೆಗೂ ಏರಬಲ್ಲದು.

ಈಗ ದೊಡ್ಡ ನಾಳದಲ್ಲಿ ಬ್ಲಾಕ್ ಬಂತು ಅಂದುಕೊಳ್ಳಿ. ಕೆಳಗಿನ ಸಣ್ಣ ನಾಳಗಳು ಅಗಲವಾಗಿ, ಕೊರತೆ ಕಾಣದ ಹಾಗೆ ಹೇಗೋ ಸಂಭಾಳಿಸುತ್ತವೆ. 1974ರಲ್ಲಿ ಲ್ಯಾನ್ಸ್ ಗೂಲ್ಡ್ ಮತ್ತು ಜೊತೆಗಾರರು ನಾಯಿಗಳಲ್ಲಿ ಮಾಡಿದ ಪ್ರಯೋಗದಲ್ಲಿ, ನಾಳದ ಅಗಲ ಶೇ 85ರಷ್ಟು ಕಿರಿದಾಗುವವರೆಗೂ ವಿಶ್ರಾಂತಿಯ ಹರಿವು ಹೆಚ್ಚುಕಮ್ಮಿ ಹಾಗೇ ಇತ್ತು. ಆದರೆ ಗರಿಷ್ಠ ಹರಿವು, ಅಂದರೆ ಹೃದಯ ತನ್ನ ಪೂರ್ತಿ ಶಕ್ತಿ ಹಾಕಿ ತರಿಸಿಕೊಳ್ಳಬಲ್ಲ ಹರಿವು, ನಾಳ ಅರ್ಧ ಕಿರಿದಾಗುವ ಹೊತ್ತಿಗೇ ಇಳಿಯತೊಡಗಿತ್ತು. ಸಂಬಳ ಬಂದ ವಾರ ಎಲ್ಲರೂ ಅನುಕೂಲಸ್ಥರೇ. ಕೈಯಲ್ಲಿ ಎಷ್ಟು ಉಳಿತಾಯ ಇದೆ ಅಂತ ಗೊತ್ತಾಗೋದು ದಿಢೀರ್ ಖರ್ಚು ಬಂದಾಗ. ಹೃದಯದ ಈ ಉಳಿತಾಯಕ್ಕೆ 'ರಿಸರ್ವ್' ಅಂತಲೇ ಹೆಸರು. ಸ್ಟ್ರೆಸ್ ಎಂಆರ್‌ಐ ನೋಡೋದು ಅದನ್ನು.

ಆಂಜಿಯೋಗ್ರಾಮ್ ವಿಷಯಕ್ಕೆ ಬರೋಣ. ಅದು ಪೈಪಿನ ಒಳಗಿನ ಆಕಾರ ತೋರಿಸುತ್ತದೆ. ಪೈಪು ಪೂರ್ತಿ ಮುಚ್ಚಿದ್ದರೆ ವಾದವೇ ಇಲ್ಲ. ಆದರೆ ಶೇ 50, 60, 70 ಅಂತ ಮಧ್ಯದಲ್ಲಿ ನಿಂತವು ಇರುತ್ತವೆ ನೋಡಿ, ಅವುಗಳಲ್ಲಿ ಕೆಲವು ಹರಿವಿಗೆ ಅಡ್ಡಿಯೇ ಆಗಿರೋದಿಲ್ಲ, ಕೆಲವು ತುಂಬಾ ಆಗಿರುತ್ತವೆ, ಚಿತ್ರ ನೋಡಿ ಇದು ಯಾವ ಗುಂಪು ಅಂತ ಊಹಿಸಲು ಹೋದ ಅನುಭವಸ್ಥರೇ ಎಡವುತ್ತಾರೆ. ನಾನೂ ಎಡವಿದ್ದೇನೆ.

ಒಂದು ಎಚ್ಚರಿಕೆ. ಸುಮ್ನೆ ಕೂತಿದ್ದಾಗಲೂ ನೋವು ಬಂದರೆ, ಬೆವರು, ವಾಕರಿಕೆ ಜೊತೆಗೂಡಿದರೆ, ಹತ್ತು ನಿಮಿಷವಾದರೂ ಬಿಡದಿದ್ದರೆ ಎಂಆರ್‌ಐ ದಿನಾಂಕ ಕಾಯಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಎಂಆರ್‌ಐ ಅಂದರೆ ಆಯಸ್ಕಾಂತ. ಆಯಸ್ಕಾಂತಕ್ಕೆ ರಕ್ತ ಓಡೋದು ಹೇಗೆ ಕಾಣಿಸುತ್ತದೆ? ಬಣ್ಣದ ಇಂಜೆಕ್ಷನ್ ಕೊಡ್ತಾರಂತೆ, ನಿಜಾನಾ?

ಉತ್ತರ: ಇಂಜೆಕ್ಷನ್ ನಿಜ, ಬಣ್ಣ ಅನ್ನೋದು ಸುಳ್ಳು. ಅದು ನೀರಿನ ಹಾಗೆ ತಿಳಿಯಾಗಿರುತ್ತದೆ. ಒಳಗೆ ಗ್ಯಾಡೋಲಿನಿಯಮ್ ಅನ್ನುವ ಲೋಹ ಇದೆ, ಬಿಡಿಯಾಗಿ ಅಲ್ಲ, ಇನ್ನೊಂದು ಅಣುವಿನ ಹಿಡಿತದಲ್ಲಿ ಬಿಗಿಯಾಗಿ. ಈ ಲೋಹಕ್ಕೆ ಒಂದು ಗುಣ. ಆಯಸ್ಕಾಂತದೊಳಗೆ ತನ್ನ ಅಕ್ಕಪಕ್ಕದ ನೀರಿನ ಕಣಗಳನ್ನು ಬೇಗ ಬೇಗ ಮೊದಲಿನ ಸ್ಥಿತಿಗೆ ಮರಳುವ ಹಾಗೆ ಮಾಡುತ್ತದೆ. ಹಾಗೆ ಬೇಗ ಮರಳಿದ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಅಂದರೆ ನಾವು ನೋಡೋದು ಗ್ಯಾಡೋಲಿನಿಯಮ್ಮನ್ನೂ ಅಲ್ಲ, ರಕ್ತವನ್ನೂ ಅಲ್ಲ, ಗ್ಯಾಡೋಲಿನಿಯಮ್ ಹಾದುಹೋದ ಕಡೆ ನೀರು ತೋರಿಸಿದ ಚುರುಕನ್ನು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಪ್ರಶ್ನೆಯ ತಲೆನೋವೆಲ್ಲ ಶುರುವಾಗೋದು ಇಲ್ಲಿಂದಲೇ.

ನಡೆಯೋದು ಹೀಗೆ. ತೋಳಿನ ರಕ್ತನಾಳಕ್ಕೆ ಕೆಲವೇ ಮಿಲಿಲೀಟರ್ ಔಷಧಿಯನ್ನು ಯಂತ್ರದ ಪಂಪಿನಿಂದ ರಭಸವಾಗಿ ಬಿಡುತ್ತಾರೆ, ಹಿಂದೆಯೇ ಸಲೈನ್ ತಳ್ಳುತ್ತಾರೆ. ಅದೇ ಹೊತ್ತಿಗೆ ಹೃದಯವನ್ನು ಅಡ್ಡಡ್ಡ ಮೂರು ಕಡೆ 'ಕತ್ತರಿಸಿ' ಪ್ರತಿ ಬಡಿತಕ್ಕೂ ಒಂದೊಂದು ಚಿತ್ರ ತೆಗೆಯುತ್ತಾ ಹೋಗುತ್ತಾರೆ, ಮೇಲೆ, ನಡುವೆ, ತುದಿಯ ಹತ್ತಿರ. ಸುಮಾರು ಒಂದು ನಿಮಿಷದ ಸಿನಿಮಾ. ಮೊದಲು ಹೃದಯದ ಬಲಭಾಗ ಬೆಳಗುತ್ತದೆ. ಔಷಧಿ ಶ್ವಾಸಕೋಶ ಸುತ್ತಿ ಬರುವಷ್ಟು ಹೊತ್ತು ಬಿಟ್ಟು ಎಡಭಾಗ. ಆಮೇಲೆ ನಿಧಾನಕ್ಕೆ ಕಪ್ಪಗಿದ್ದ ಸ್ನಾಯುವಿನ ಉಂಗುರ ಬೂದುಬಣ್ಣವಾಗಿ, ಬೂದು ಬೆಳ್ಳಗಾಗುತ್ತದೆ. ಎಲ್ಲ ಕಡೆಯೂ ಒಟ್ಟಿಗೆ ಬೆಳ್ಳಗಾದರೆ ಸರಿ. ಒಂದು ಕಡೆ ಮಾತ್ರ ಕಪ್ಪು ಹಾಗೇ ಉಳಿದು ತಡವಾಗಿ ಬೆಳಗಿದರೆ ಅಲ್ಲಿಗೆ ರಕ್ತ ಕಡಿಮೆ. ಇಷ್ಟು ವರ್ಷದಿಂದ ನೋಡುತ್ತಿದ್ದರೂ ಆ ಬೆಳಕು ಏರುವ ಕ್ಷಣಕ್ಕೆ ನನ್ನ ಉಸಿರು ಸ್ವಲ್ಪ ನಿಲ್ಲುತ್ತದೆ.

ಕಪ್ಪು ಉಳಿಯುವ ಜಾಗ ಸಾಮಾನ್ಯವಾಗಿ ಗೋಡೆಯ ಒಳಪದರ. ಯಾಕೆಂದರೆ ನಾಳಗಳು ಹೊರಗಿನಿಂದ ಬರುತ್ತವೆ, ಒಳಪದರ ಕಾಲುವೆಯ ಕಟ್ಟಕಡೆಯ ಗದ್ದೆ ಇದ್ದ ಹಾಗೆ. ಅಲ್ಲದೆ ಎಡಗೋಡೆಗೆ ರಕ್ತ ನುಗ್ಗೋದು ಹೆಚ್ಚಾಗಿ ಹೃದಯ ಸಡಿಲವಾದಾಗ. ಬಿಗಿಯಾದಾಗ ಒಳಪದರದ ಮೇಲೆ ಒತ್ತಡ ಜಾಸ್ತಿ. ನೀರು ಕಮ್ಮಿಯಾದರೆ ಮೊದಲು ಒಣಗೋದು ಕಟ್ಟಕಡೆಯ ಗದ್ದೆಯೇ ತಾನೆ? ಗೋಡೆಯ ದಪ್ಪ ಸುಮಾರು ಒಂದು ಸೆಂಟಿಮೀಟರ್. ಎಂಆರ್‌ಐ ಎರಡು ಮೂರು ಮಿಲಿಮೀಟರ್‌ನಷ್ಟು ಸಣ್ಣ ಚುಕ್ಕೆಗಳಲ್ಲಿ ನೋಡೋದರಿಂದ ಒಳಪದರ, ಹೊರಪದರ ಬೇರೆ ಬೇರೆಯಾಗಿ ಕಾಣುತ್ತವೆ. ಐಸೋಟೋಪ್ ಕೊಟ್ಟು ಮಾಡುವ ಹಳೆಯ ಸ್ಪೆಕ್ಟ್ ಸ್ಕ್ಯಾನ್‌ಗೆ ಈ ಸೂಕ್ಷ್ಮ ಇಲ್ಲ. 2012ರಲ್ಲಿ ಪ್ರಕಟವಾದ ಸಿಇ-ಮಾರ್ಕ್ ಅಧ್ಯಯನದಲ್ಲಿ 752 ಜನರನ್ನು ಸೇರಿಸಿಕೊಂಡು ಎರಡೂ ಪರೀಕ್ಷೆಗಳನ್ನು ಹೋಲಿಸಿದ್ದರು. ನಿಜವಾಗಿ ಗಣನೀಯ ಬ್ಲಾಕ್ ಇದ್ದವರಲ್ಲಿ ಎಂಆರ್‌ಐ ಪರೀಕ್ಷೆ ಶೇ 86.5 ಮಂದಿಯನ್ನು ಹಿಡಿಯಿತು, ಸ್ಪೆಕ್ಟ್ ಶೇ 66.5.

ಪ್ರಶ್ನೆ: ನಾನು ಎಂಜಿನಿಯರ್. ನನ್ನ ರಿಪೋರ್ಟಿನಲ್ಲಿ 'ವಿಶುವಲ್ ಅಸೆಸ್‌ಮೆಂಟ್' ಅಂತಿದೆ. ಸ್ನೇಹಿತನ ರಿಪೋರ್ಟಿನಲ್ಲಿ ಒಂದೊಂದು ಭಾಗಕ್ಕೂ ಅಂಕಿ ಕೊಟ್ಟಿದ್ದಾರೆ. ಅಂಕಿ ತೆಗೆಯಬಹುದು ಅಂದಮೇಲೆ ಕಣ್ಣಂದಾಜು ಯಾಕೆ? ಚಿತ್ರದ ಬಿಳುಪೇ ರಕ್ತದ ಪ್ರಮಾಣ ಅಲ್ವಾ, ಅದನ್ನೇ ಅಳೆದರೆ ಆಗೋದಿಲ್ಲವಾ?

ಉತ್ತರ: ಒಳ್ಳೆ ಪ್ರಶ್ನೆ. ಬಿಳುಪನ್ನು ಅಳೆದರೆ ಆಗೋದಿಲ್ಲ, ಅದಕ್ಕೆ ಎರಡು ಮೂರು ಕಾರಣ ಇವೆ. ಸ್ವಲ್ಪ ಉದ್ದ ಆಗುತ್ತದೆ, ಎಂಜಿನಿಯರ್ ಅಂದಿದ್ದೀರಿ, ತಡೆದುಕೊಳ್ಳಿ.

ಮೊದಲು, ಕಣ್ಣಂದಾಜು ಯಾವಾಗ ಮೋಸ ಮಾಡುತ್ತದೆ ಅಂತ ಹೇಳುತ್ತೇನೆ. ಕಣ್ಣು ಹೋಲಿಸುತ್ತದೆ. ಈ ಭಾಗ ಆ ಭಾಗಕ್ಕಿಂತ ಕಪ್ಪು, ಆದ್ದರಿಂದ ಇಲ್ಲಿ ಕೊರತೆ. ಒಂದು ನಾಳದಲ್ಲಿ ಬ್ಲಾಕ್ ಇದ್ದು ಉಳಿದವು ಚೆನ್ನಾಗಿದ್ದರೆ ಈ ಲೆಕ್ಕ ಸಲೀಸು. ಮೂರೂ ನಾಳಗಳು ಕೆಟ್ಟಿದ್ದರೆ? ಇಡೀ ಉಂಗುರ ಒಂದೇ ಸಮನಾಗಿ ಮಂಕು. ಊರಿಗೆ ಊರೇ ಬರಗಾಲದಲ್ಲಿದ್ದರೆ ಯಾರ ಮನೆಯಲ್ಲಿ ಬಡತನ ಅಂತ ಹುಡುಕೋದು? ಅತ್ಯಂತ ಗಂಭೀರವಾದ ಕಾಯಿಲೆಯೇ ಅತ್ಯಂತ ಸಲೀಸಾಗಿ ಜಾರಿಕೊಳ್ಳಬಹುದು. ಇಂಥ ಕಡೆ 'ಒಂದು ಗ್ರಾಂಗೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್' ಅನ್ನುವ ಅಂಕಿ ಇದ್ದರೆ ಯಾರ ಜೊತೆಗೂ ಹೋಲಿಸಬೇಕಾಗಿಲ್ಲ.

ಈಗ ಅಂಕಿ ಯಾಕೆ ಕಷ್ಟ ಅಂತ. ಸ್ನಾಯು ಎಷ್ಟು ಬೇಗ ಬೆಳ್ಳಗಾಯಿತು ಅನ್ನೋದು ಎರಡರ ಮೇಲೆ ನಿಂತಿದೆ. ಒಂದು, ಸ್ನಾಯುವಿನ ಹರಿವು. ಇನ್ನೊಂದು, ಹೃದಯದ ತನಕ ಔಷಧಿ ಬಂದ ರೀತಿ. ತೋಳಿನಿಂದ ರಭಸವಾಗಿ ಬಿಟ್ಟರೂ ದಾರಿಯಲ್ಲಿ ಅದು ಹರಡಿಕೊಳ್ಳುತ್ತದೆ, ಹೃದಯ ದುರ್ಬಲವಾಗಿದ್ದವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ತೂಬಿನ ಬಾಯಲ್ಲಿ ಒಂದು ಮಾಪಕ, ಗದ್ದೆಯಲ್ಲಿ ಒಂದು ಮಾಪಕ, ಎರಡೂ ಬೇಕು. ಎಡ ಹೃತ್ಕುಕ್ಷಿಯೊಳಗಿನ, ಅಂದರೆ ಹೃದಯದ ಎಡಗಡೆ ಕೆಳಕೋಣೆಯೊಳಗಿನ ರಕ್ತ ಹೇಗೆ ಬೆಳಗಿತು ಅನ್ನುವ ಗೆರೆ ತೂಬಿನ ಲೆಕ್ಕ. ಸ್ನಾಯು ಹೇಗೆ ಬೆಳಗಿತು ಅನ್ನುವ ಗೆರೆ ಗದ್ದೆಯ ಲೆಕ್ಕ. ಮೊದಲ ಗೆರೆಯ ಪ್ರಭಾವವನ್ನು ಎರಡನೆಯದರಿಂದ ಬಿಡಿಸಿ ತೆಗೆಯಬೇಕು. ನಿಮ್ಮ ಭಾಷೆಯಲ್ಲಿ ಅದು ಡಿಕನ್ವಲ್ಯೂಷನ್.

ಇಲ್ಲೇ ಎಡವಟ್ಟು ಇರೋದು. ಔಷಧಿ ದುಪ್ಪಟ್ಟಾದರೆ ಬಿಳುಪು ದುಪ್ಪಟ್ಟಾಗೋದಿಲ್ಲ. ಕತ್ತಲ ಕೋಣೆಯಲ್ಲಿ ಒಂದು ದೀಪ ಹಚ್ಚಿ, ಎಷ್ಟು ವ್ಯತ್ಯಾಸ! ಒಂಬತ್ತು ದೀಪ ಇರುವ ಕೋಣೆಯಲ್ಲಿ ಹತ್ತನೆಯದು ಹಚ್ಚಿ, ಯಾರಿಗೂ ಗೊತ್ತಾಗೋದಿಲ್ಲ. ಸ್ನಾಯುವಿಗೆ ತಲುಪುವ ಔಷಧಿ ಸ್ವಲ್ಪ, ಅಲ್ಲಿ ಬಿಳುಪನ್ನು ನಂಬಬಹುದು. ಹೃದಯದ ಕೋಣೆಯ ರಕ್ತದಲ್ಲಿ ಅದು ಗಾಢವಾಗಿರುತ್ತದೆ, ಅಲ್ಲಿ ಬಿಳುಪು ಮೇಲಕ್ಕೇರದೆ ನಿಂತುಬಿಡುತ್ತದೆ. ತೂಬಿನ ಮಾಪಕ ಕಮ್ಮಿ ತೋರಿಸಿದರೆ ಏನಾಗುತ್ತದೆ? ಬಂದದ್ದೇ ಇಷ್ಟು ಅಂದುಕೊಂಡು ಲೆಕ್ಕ ಹಾಕುತ್ತೀರಿ, ಗದ್ದೆಯ ಹರಿವು ನಿಜಕ್ಕಿಂತ ಜಾಸ್ತಿ ಬರುತ್ತದೆ. ಕಾಯಿಲೆ ಇರುವವರಿಗೆ 'ಚೆನ್ನಾಗಿದ್ದೀರಿ' ಅಂದ ಹಾಗೆ.

ಇದಕ್ಕೆ ಎರಡು ಉಪಾಯ ಹುಡುಕಿದರು. ಮೊದಲು ತೀರಾ ತೆಳುವಾದ ಒಂದು ಡೋಸ್ ಬಿಟ್ಟು ತೂಬಿನ ಲೆಕ್ಕ ತೆಗೆದುಕೊಂಡು, ಆಮೇಲೆ ಪೂರ್ತಿ ಡೋಸ್ ಬಿಡೋದು ಒಂದು. ಲೆಕ್ಕಕ್ಕೆ ಚೆಂದ, ಮಾಡೋದಕ್ಕೆ ಕಿರಿಕಿರಿ. ಇನ್ನೊಂದು, ಡೋಸ್ ಒಂದೇ, ಆದರೆ ಪ್ರತಿ ಬಡಿತದಲ್ಲೂ ಎರಡು ಥರದ ಚಿತ್ರ. ಸ್ನಾಯುವಿಗೆ ಸ್ಪಷ್ಟವಾದದ್ದು, ರಕ್ತಕ್ಕೆ ಒರಟಾದ ಆದರೆ ತುಂಬಾ ಚುರುಕಾಗಿ ತೆಗೆದ, ಬಿಳುಪು ಬೇಗ ಏರಿ ನಿಂತುಬಿಡದ ಚಿತ್ರ. ಈಗ ಜಾಸ್ತಿ ಚಾಲ್ತಿಯಲ್ಲಿರೋದು ಇದೇ.

ಇಷ್ಟಾದರೂ ಮುಗಿಯಲಿಲ್ಲ. ಗ್ಯಾಡೋಲಿನಿಯಮ್ ಔಷಧಿ ರಕ್ತನಾಳದೊಳಗೇ ಇರೋದಿಲ್ಲ, ಸಣ್ಣ ನಾಳಗಳ ಗೋಡೆಯಿಂದ ಆಚೆ ಸೋರುತ್ತದೆ. ಹರಿವು ಜಾಸ್ತಿಯಾದಷ್ಟೂ ಸೋರುವ ಪಾಲು ಕಮ್ಮಿ. ಈ ಸೋರಿಕೆಗೂ ಲೆಕ್ಕದಲ್ಲಿ ಜಾಗ ಕೊಡಬೇಕು, ಒಬ್ಬೊಬ್ಬರು ಒಂದೊಂದು ಮಾದರಿಯಲ್ಲಿ ಕೊಡುತ್ತಾರೆ, ಅಂಕಿಗಳು ಅಲ್ಲಲ್ಲಿಗೆ ಸ್ವಲ್ಪ ಬದಲಾಗೋದು ಇದರಿಂದಲೂ ಹೌದು. ಜೊತೆಗೆ ರೋಗಿ ಉಸಿರಾಡಿದರೆ ಚಿತ್ರಗಳು ಅಲುಗುತ್ತವೆ, ಅವನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ಹಿಂದೆ ಇದನ್ನೆಲ್ಲ ಕೈಯಲ್ಲಿ ಮಾಡುತ್ತಿದ್ದೆವು. ಪ್ರತಿ ಚಿತ್ರದ ಮೇಲೂ ಮೌಸ್ ಹಿಡಿದು ಒಳಗೆರೆ, ಹೊರಗೆರೆ ಎಳೆಯೋದು. ಒಬ್ಬ ರೋಗಿಗೆ ಒಂದು ಮಧ್ಯಾಹ್ನ. ನಿಮ್ಮ ರಿಪೋರ್ಟಿನಲ್ಲಿ ಕಣ್ಣಂದಾಜು ಇರೋದು ಡಾಕ್ಟರ್ ಸೋಮಾರಿತನದಿಂದ ಅಲ್ಲ ಅಂತ ಹೇಳೋದಕ್ಕೆ ಇದನ್ನೆಲ್ಲ ಬರೆದೆ.

2017ರಲ್ಲಿ ಪೀಟರ್ ಕೆಲ್‌ಮನ್ ಮತ್ತು ಜೊತೆಗಾರರು ಈ ಎಲ್ಲ ಹೆಜ್ಜೆಗಳನ್ನೂ ಸ್ಕ್ಯಾನರ್ ತಾನೇ ಮಾಡಿಕೊಳ್ಳುವ ವಿಧಾನ ಪ್ರಕಟಿಸಿದರು. ರೋಗಿ ಇನ್ನೂ ಒಳಗೇ ಮಲಗಿರುವಾಗ ಪರದೆಯ ಮೇಲೆ ಹರಿವಿನ ಬಣ್ಣದ ನಕ್ಷೆ ಬರುತ್ತದೆ, ಒಂದೊಂದು ಚುಕ್ಕೆಯೂ ಒಂದೊಂದು ಅಂಕಿ. 2020ರಲ್ಲಿ ಇಂಥದ್ದೇ ವಿಧಾನದಿಂದ 1,049 ಜನರನ್ನು ಅಳೆದು, ಮುಂದೆ ಅವರಿಗೆ ಏನಾಯಿತು ಅಂತ ನೋಡಿದಾಗ, ಒತ್ತಡದ ಹರಿವು, ಅಂದರೆ ಸ್ಟ್ರೆಸ್ ಔಷಧಿ ಕೊಟ್ಟಾಗಿನ ಹರಿವು ಕಡಿಮೆ ಇದ್ದವರಿಗೆ, ರಿಸರ್ವ್ ಕಡಿಮೆ ಇದ್ದವರಿಗೆ ಸಾವು, ಹೃದಯದ ತೊಂದರೆ ಎರಡೂ ಜಾಸ್ತಿ ಇದ್ದವು. ಆದರೆ ಈ ಸೌಲಭ್ಯ ಎಲ್ಲ ಸ್ಕ್ಯಾನರ್‌ಗಳಲ್ಲೂ ಇಲ್ಲ. ನಿಮ್ಮ ಸ್ನೇಹಿತನಿಗೆ ಸಿಕ್ಕಿತು, ನಿಮಗೆ ಸಿಗಲಿಲ್ಲ, ಅಷ್ಟೇ. ನಿಮ್ಮದು ಒಂದೇ ನಾಳದ ಸ್ಪಷ್ಟ ಕೊರತೆಯಾಗಿದ್ದರೆ ಕಣ್ಣಂದಾಜಿನ ರಿಪೋರ್ಟ್ ಧಾರಾಳವಾಗಿ ಸಾಕು.

ಪ್ರಶ್ನೆ: ಪರೀಕ್ಷೆಗೆ ಹಿಂದಿನ ದಿನದಿಂದ ಕಾಫಿ, ಟೀ ಬೇಡ ಅಂದಿದ್ದಾರೆ. ಒಂದು ಲೋಟ ಕುಡಿದರೆ ಏನಾದೀತು?

ಉತ್ತರ: ಪರೀಕ್ಷೆ ದಂಡ ಆದೀತು.

ಎಂಆರ್‌ಐ ಕೊಳವೆಯೊಳಗೆ ನಿಮ್ಮನ್ನು ಓಡಿಸೋದು ಕಷ್ಟ. ಹಾಗಾಗಿ ಅಡೆನೊಸಿನ್ ಅನ್ನುವ ಔಷಧಿಯನ್ನು ಹನಿ ಹನಿಯಾಗಿ ಕೊಟ್ಟು ಕೊರೊನರಿಯ ಸಣ್ಣ ನಾಳಗಳನ್ನು ಪೂರ್ತಿ ಅಗಲ ಮಾಡುತ್ತಾರೆ. ಇಲ್ಲವೇ ರೆಗಡೆನೊಸನ್ ಅನ್ನು ಒಂದೇ ಸಲಕ್ಕೆ ಕೊಡುತ್ತಾರೆ. ಈ ಔಷಧಿಗಳು ಕೂರಬೇಕಾದ ಕುರ್ಚಿಯಲ್ಲೇ ಕಾಫಿಯ ಕೆಫೀನ್ ಹೋಗಿ ಕೂತಿರುತ್ತದೆ. ಔಷಧಿ ಬಂದರೂ ಜಾಗ ಇಲ್ಲ. ಹರಿವು ಏರೋದಿಲ್ಲ, ಎಲ್ಲ ಕಡೆ ಒಂದೇ ಥರ ಕಾಣುತ್ತದೆ, 'ನಾರ್ಮಲ್' ಅಂತ ತಪ್ಪು ರಿಪೋರ್ಟ್ ಬರುವ ಅಪಾಯ. ಕನಿಷ್ಠ 12 ಗಂಟೆ, ಬಹಳ ಕಡೆ 24 ಗಂಟೆ ಬೇಡ ಅನ್ನುತ್ತಾರೆ. ಕಾಫಿ, ಟೀ ಅಷ್ಟೇ ಅಲ್ಲ, ಕೋಲಾ, ಚಾಕೊಲೇಟ್, ಎನರ್ಜಿ ಡ್ರಿಂಕ್, ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇದೆ. ಡಿಕಾಫ್ ಅಂತ ಬರೆದದ್ದರಲ್ಲೂ ಸ್ವಲ್ಪ ಉಳಿದಿರುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಕೂಡ ಇದೇ ಕುರ್ಚಿ ಹಿಡಿಯುತ್ತದೆ, ಆದರೆ ಅದನ್ನು ನೀವಾಗೇ ನಿಲ್ಲಿಸಬೇಡಿ, ಕೇಳಿ. ಉಬ್ಬಸ ಇರುವವರು, ಹೃದಯದ ಬಡಿತದಲ್ಲಿ 'ಹಾರ್ಟ್ ಬ್ಲಾಕ್' ಇದೆ ಅಂತ ಹೇಳಿಸಿಕೊಂಡವರು ಮೊದಲೇ ತಿಳಿಸಲೇಬೇಕು.

ಔಷಧಿ ನಿಜವಾಗಿ ಕೆಲಸ ಮಾಡಿತಾ ಅಂತ ನೋಡೋದಕ್ಕೆ ನಮ್ಮಲ್ಲಿ ಒಂದು ಕಳ್ಳದಾರಿ ಇದೆ. ಅದೇ ಚಿತ್ರದ ಮೂಲೆಯಲ್ಲಿ ಗುಲ್ಮ ಕಾಣಿಸುತ್ತದೆ, ಅದೇ ಸ್ಪ್ಲೀನ್. ಅಡೆನೊಸಿನ್ ಸರಿಯಾಗಿ ಹಿಡಿದರೆ ಗುಲ್ಮಕ್ಕೆ ರಕ್ತ ಕಡಿಮೆಯಾಗಿ ಅದು ಕಪ್ಪಗೆ ಉಳಿಯುತ್ತದೆ. ಬೆಳ್ಳಗೆ ಹೊಳೆಯುತ್ತಿದ್ದರೆ, "ಬೆಳಿಗ್ಗೆ ಏನು ಕುಡಿದಿರಿ?" ಅಂತ ಕೇಳಬೇಕು ಅಂತ ಅರ್ಥ. ಹೊಟ್ಟೆಯೊಳಗಿನ ಗುಲ್ಮ ಚಾಡಿ ಹೇಳುತ್ತದೆ ಅಂತ ಯಾರಿಗೂ ಗೊತ್ತಿರೋದಿಲ್ಲ.

ಹೇಗನ್ನಿಸುತ್ತದೆ ಅಂತಲೂ ಹಲವರು ಕೇಳಿದ್ದೀರಿ. ಕಲಿಯುವ ದಿನಗಳಲ್ಲಿ ಸ್ವಯಂಸೇವಕನಾಗಿ ನಾನೇ ಮಲಗಿದ್ದೆ. ಮುಖ ಬಿಸಿಯಾಯಿತು, ಎದೆ ಮೇಲೆ ಯಾರೋ ಕೂತ ಹಾಗಾಯಿತು, ಉಸಿರು ಸಾಲದು ಅನ್ನಿಸಿತು. ಪುಸ್ತಕದಲ್ಲಿ ಓದಿದ್ದರೂ ಗಾಬರಿ ಆಯಿತು, ಅದನ್ನು ಯಾಕೆ ಮುಚ್ಚಿಡಲಿ. ಆದರೆ ಹನಿ ನಿಲ್ಲಿಸಿ ಒಂದು ನಿಮಿಷ ಆಗೋದರೊಳಗೆ ಎಲ್ಲ ಮಾಯ. ಅಡೆನೊಸಿನ್ ರಕ್ತದಲ್ಲಿ ಉಳಿಯೋದೇ ಕೆಲವು ಸೆಕೆಂಡು. ರೆಗಡೆನೊಸನ್ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ, ಬೇಕಾದರೆ ಅದಕ್ಕೆ ಪ್ರತಿಯಾಗಿ ಅಮಿನೋಫಿಲಿನ್ ಕೊಡುತ್ತಾರೆ.

ಪ್ರಶ್ನೆ: ನನಗೆ 52. ಮೂರು ವರ್ಷದಿಂದ ಎದೆನೋವು. ಆಂಜಿಯೋಗ್ರಾಮ್ ಆಯಿತು, "ನಾಳಗಳು ಕ್ಲೀನ್ ಇವೆ, ಟೆನ್ಷನ್ ಮಾಡ್ಕೋಬೇಡಿ" ಅಂದರು. ಈಗ ಮನೆಯಲ್ಲೂ ಯಾರೂ ನಂಬೋದಿಲ್ಲ. ನೋವು ಮಾತ್ರ ಹಾಗೇ ಇದೆ.

ಉತ್ತರ: ನಾನು ನಂಬುತ್ತೇನೆ. ನಂಬೋದಕ್ಕೆ ಕಾರಣವೂ ಇದೆ.

ಆಂಜಿಯೋಗ್ರಾಮ್‌ನಲ್ಲಿ ಕಾಣೋದು ದೊಡ್ಡ ನಾಳಗಳು. ಅಲ್ಲಿಂದ ಮುಂದೆ ಕೂದಲಿಗಿಂತ ಸಣ್ಣಗೆ ಕವಲೊಡೆಯುವ ನಾಳಗಳ ದೊಡ್ಡ ಜಾಲವೇ ಇದೆ, ಅದು ಆ ಚಿತ್ರದಲ್ಲಿ ಬರೋದೇ ಇಲ್ಲ. ಹೃದಯಕ್ಕೆ ಎಷ್ಟು ರಕ್ತ ಬಿಡಬೇಕು ಅಂತ ತೀರ್ಮಾನ ಮಾಡೋದು ಹೆಚ್ಚಾಗಿ ಈ ಸಣ್ಣವೇ. ಅವು ಬೇಕಾದಾಗ ಅಗಲವಾಗದಿದ್ದರೆ ದೊಡ್ಡ ನಾಳ ಎಷ್ಟೇ ನುಣುಪಾಗಿದ್ದರೂ ಸ್ನಾಯುವಿಗೆ ಬರ. ಹೆದ್ದಾರಿ ಖಾಲಿ ಇದೆ ಅಂದಮಾತ್ರಕ್ಕೆ ಗಲ್ಲಿಯಲ್ಲಿ ಟ್ರಾಫಿಕ್ ಇಲ್ಲ ಅನ್ನೋಕಾಗುತ್ತದಾ? ಈ ತೊಂದರೆ ಹೆಂಗಸರಲ್ಲಿ ಜಾಸ್ತಿ ಕಾಣುತ್ತದೆ, ಅದಕ್ಕೇ ಇದನ್ನು ಇಷ್ಟು ದಿನ 'ಟೆನ್ಷನ್' ಲೆಕ್ಕಕ್ಕೆ ಬರೆದುಬಿಟ್ಟರೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. 2002ರಲ್ಲೇ ಜೊನಾಥನ್ ಪ್ಯಾಂಟಿಂಗ್ ಮತ್ತು ಜೊತೆಗಾರರು ನಿಮ್ಮಂಥವರನ್ನೇ, ಅಂದರೆ ನೋವು ಇದೆ, ಆಂಜಿಯೋಗ್ರಾಮ್ ಚೆನ್ನಾಗಿದೆ ಅನ್ನುವ 20 ಜನರನ್ನು, ಅಡೆನೊಸಿನ್ ಕೊಟ್ಟು ಎಂಆರ್‌ಐಯಲ್ಲಿ ನೋಡಿದರು. ಒಳಪದರದ ಹರಿವು ಆರೋಗ್ಯವಂತರಲ್ಲಿ ಏರಿದ ಹಾಗೆ ಇವರಲ್ಲಿ ಏರಲಿಲ್ಲ.

ಇಂಥ ಕಡೆ ಕಣ್ಣಂದಾಜಿಗೆ ಏನೂ ಸಿಗದೇ ಹೋಗಬಹುದು, ಯಾಕೆಂದರೆ ಮಂಕು ಎಲ್ಲ ಕಡೆಯೂ ಸಮನಾಗಿರುತ್ತದೆ. ಅಳೆದರೆ ಸಿಗುತ್ತದೆ. ಹಾಗಾಗಿ ನಿಮ್ಮ ಹೃದಯದ ಡಾಕ್ಟರ್ ಹತ್ತಿರ ಹೋಗಿ ಇಷ್ಟು ಕೇಳಿ: "ಸಣ್ಣ ನಾಳಗಳ ತೊಂದರೆ ಇರಬಹುದಾ, ಹರಿವನ್ನು ಅಂಕಿಯಲ್ಲಿ ಅಳೆಯುವ ಸ್ಟ್ರೆಸ್ ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ಮಾಡಿಸಬಹುದಾ?" ಪೆಟ್ ಕೂಡ ಐಸೋಟೋಪ್ ಕೊಟ್ಟು ಮಾಡುವ ಸ್ಕ್ಯಾನ್. ಅದರಲ್ಲಿ ಹರಿವು ಅಳೆಯುವ ಅನುಭವ ಎಂಆರ್‌ಐಗಿಂತ ಹಳೆಯದು, ನಮ್ಮ ಅಂಕಿಗಳನ್ನು ನಾವು ಒರೆಗೆ ಹಚ್ಚೋದೂ ಅದರ ಮೇಲೇ. ಅದರಲ್ಲಿ ಸ್ವಲ್ಪ ವಿಕಿರಣ ಇದೆ, ಎಂಆರ್‌ಐಯಲ್ಲಿ ಇಲ್ಲ. ನಾಳಗಳು ತಾತ್ಕಾಲಿಕವಾಗಿ ಹಿಂಡಿಕೊಳ್ಳುವ ಇನ್ನೊಂದು ಥರವೂ ಇದೆ, ಅದು ಈ ಪರೀಕ್ಷೆಯಲ್ಲಿ ಸಿಗದೇ ಇರಬಹುದು. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಅಂತೂ ಯಾವ ಕಾರಣವೇ ಆದರೂ ಹಿಡಿತದಲ್ಲಿರಲಿ. ಮನೆಯವರಿಗೆ ಈ ಪುಟ ತೋರಿಸಿ.

ಪ್ರಶ್ನೆ: ನನ್ನ ರಿಪೋರ್ಟಿನಲ್ಲಿ 'ಎಂಪಿಆರ್ 1.9' ಅಂತ ಬಂದಿದೆ. ಹುಡುಕಿ ನೋಡಿದರೆ 2ಕ್ಕಿಂತ ಕಡಿಮೆ ಇದ್ದರೆ ಅಪಾಯ ಅಂತಿದೆ. ಎರಡು ರಾತ್ರಿ ನಿದ್ದೆ ಇಲ್ಲ.

ಉತ್ತರ: ನಿದ್ದೆ ಮಾಡಿ. ಎಂಪಿಆರ್ ಅಂದರೆ ಮೊದಲು ಹೇಳಿದ ರಿಸರ್ವ್‌ನ ಅಂಕಿ. ಅದೊಂದು ಭಾಗಾಕಾರ, ಒತ್ತಡದ ಹರಿವನ್ನು ವಿಶ್ರಾಂತಿಯ ಹರಿವಿನಿಂದ ಭಾಗಿಸಿದ್ದು. ಭಾಗಾಕಾರದಲ್ಲಿ ಮೇಲಿನದು ಚಿಕ್ಕದಾದರೂ ಉತ್ತರ ಚಿಕ್ಕದಾಗುತ್ತದೆ, ಕೆಳಗಿನದು ದೊಡ್ಡದಾದರೂ ಚಿಕ್ಕದಾಗುತ್ತದೆ. ವಿಶ್ರಾಂತಿಯಲ್ಲಿ 0.8, ಒತ್ತಡದಲ್ಲಿ 1.5 ಇದ್ದವರಿಗೂ 1.9 ಬರುತ್ತದೆ. ವಿಶ್ರಾಂತಿಯಲ್ಲಿ 1.5, ಒತ್ತಡದಲ್ಲಿ 2.85 ಇದ್ದವರಿಗೂ ಅದೇ 1.9. ಮೊದಲನೆಯವರ ಬಗ್ಗೆ ನಾನು ಯೋಚನೆ ಮಾಡುತ್ತೇನೆ. ಎರಡನೆಯವರಿಗೆ ಮಲಗಿದ್ದಾಗಲೇ ಹೃದಯ ಜೋರಾಗಿ ಬಡಿಯುತ್ತಿತ್ತು ಅಷ್ಟೇ, ಬಿ.ಪಿ. ಜಾಸ್ತಿ ಇರಬಹುದು, ರಕ್ತಹೀನತೆ ಇರಬಹುದು, ಸುಮ್ನೆ ಹೆದರಿಕೆಯೂ ಇರಬಹುದು. ಹಾಗಾಗಿ ರಿಪೋರ್ಟಿನಲ್ಲಿ ಎರಡೂ ಹರಿವುಗಳನ್ನು ಬೇರೆ ಬೇರೆ ಕೊಟ್ಟಿದ್ದಾರಾ ನೋಡಿ. ಮತ್ತೆ, 1.9ಕ್ಕೂ 2ಕ್ಕೂ ಇರುವ ವ್ಯತ್ಯಾಸ ಒಬ್ಬರನ್ನೇ ಎರಡು ಸಲ ಅಳೆದರೂ ಬರುವಂಥದ್ದು. ಗೆರೆ ಎಳೆದದ್ದು ನಾವು, ಹೃದಯಕ್ಕೆ ಆ ಗೆರೆ ಗೊತ್ತಿಲ್ಲ.

ಪ್ರಶ್ನೆ: ಒಂದು ಭಾಗದಲ್ಲಿ ಹರಿವು ಕಡಿಮೆ ಅಂತ ಎಂಆರ್‌ಐಯಲ್ಲಿ ಬಂದರೆ ಸ್ಟೆಂಟ್ ಹಾಕಿಸಲೇಬೇಕಾ?

ಉತ್ತರ: ಹಾಕಿಸಲೇಬೇಕು ಅಂತೇನಿಲ್ಲ. ಮೊದಲು ಇನ್ನೊಂದು ವಿಷಯ ನೋಡಬೇಕು. ಔಷಧಿ ಕೊಟ್ಟು ಸುಮಾರು ಹತ್ತು ನಿಮಿಷ ಬಿಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ಅಷ್ಟರಲ್ಲಿ ಚೆನ್ನಾಗಿರುವ ಸ್ನಾಯುವಿನಿಂದ ಗ್ಯಾಡೋಲಿನಿಯಮ್ ಹೊರಟುಹೋಗಿರುತ್ತದೆ, ಹಳೆಯ ಹೃದಯಾಘಾತದ ಗಾಯದ ಕಲೆಯಲ್ಲಿ ಉಳಿದುಕೊಂಡು ಬೆಳ್ಳಗೆ ಹೊಳೆಯುತ್ತದೆ. ಮೊದಲ ಸಿನಿಮಾದಲ್ಲಿ ಕಪ್ಪಗಿದ್ದು ಈಗಲೂ ಬೆಳ್ಳಗಾಗದ ಜಾಗ ಜೀವಂತ, ಹಸಿದಿದೆ. ಬೆಳ್ಳಗಾದದ್ದು ಸತ್ತ ಜಾಗ. 2000ದಲ್ಲಿ ರೇಮಂಡ್ ಕಿಮ್ ಮತ್ತು ಜೊತೆಗಾರರು ತೋರಿಸಿದ್ದು ಇದನ್ನೇ. ಗೋಡೆಯ ದಪ್ಪದಲ್ಲಿ ಅರ್ಧಕ್ಕಿಂತ ಜಾಸ್ತಿ ಕಲೆ ಇದ್ದರೆ, ರಕ್ತ ಮತ್ತೆ ಹರಿಸಿದರೂ ಆ ಜಾಗ ಚೇತರಿಸಿಕೊಳ್ಳೋದು ಅಪರೂಪ.

ಜೀವಂತ ಇದ್ದು ಹಸಿದಿದ್ದರೂ ಸ್ಟೆಂಟ್ ಒಂದು ದಾರಿ, ಏಕೈಕ ದಾರಿ ಅಲ್ಲ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ 5,179 ಜನ ಇದ್ದರು, ಸ್ಥಿರವಾದ ತೊಂದರೆ, ಮಧ್ಯಮ ಅಥವಾ ತೀವ್ರ ಕೊರತೆ. ಮೊದಲೇ ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದವರಿಗೂ, ಮೊದಲು ಔಷಧಿಯಲ್ಲೇ ನೋಡಿಕೊಂಡವರಿಗೂ ಸಾವು, ಹೃದಯಾಘಾತದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಎದೆನೋವು ಮಾತ್ರ ಮೊದಲನೆಯವರಿಗೆ ಚೆನ್ನಾಗಿ ಕಡಿಮೆಯಾಯಿತು. ಎಡಭಾಗದ ಮುಖ್ಯ ನಾಳದಲ್ಲೇ ದೊಡ್ಡ ಬ್ಲಾಕ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅವರ ಲೆಕ್ಕ ಬೇರೆ. ಇನ್ನು 2019ರ ಎಂಆರ್-ಇನ್‌ಫಾರ್ಮ್, 918 ಜನ. ಅರ್ಧ ಜನರಿಗೆ ಎಂಆರ್‌ಐ ನೋಡಿ ತೀರ್ಮಾನ, ಇನ್ನರ್ಧಕ್ಕೆ ನಾಳದೊಳಗೆ ತಂತಿ ಹಾಕಿ ಒತ್ತಡ ಅಳೆದು ತೀರ್ಮಾನ. ಎಂಆರ್‌ಐ ಗುಂಪಿನಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಆದವರು ಶೇ 35.7, ಇನ್ನೊಂದರಲ್ಲಿ ಶೇ 45. ಒಂದು ವರ್ಷದ ನಂತರ ಎರಡೂ ಗುಂಪಿನ ಆರೋಗ್ಯ ಹೆಚ್ಚುಕಮ್ಮಿ ಒಂದೇ. ನೋವು ಎಷ್ಟಿದೆ, ಔಷಧಿಗೆ ಬಗ್ಗುತ್ತಿದೆಯಾ, ಎಷ್ಟು ದೊಡ್ಡ ಭಾಗ ಹಸಿದಿದೆ, ಇದನ್ನೆಲ್ಲ ಕೂತು ಮಾತಾಡಿ. ಅವಸರ ಮಾಡುವವರ ಹತ್ತಿರ "ಯಾಕೆ ಅವಸರ?" ಅಂತ ಕೇಳೋದಕ್ಕೆ ಸಂಕೋಚ ಬೇಡ.

ಪ್ರಶ್ನೆ: ಅಮ್ಮನಿಗೆ ಕಿಡ್ನಿ ವೀಕ್. ಗ್ಯಾಡೋಲಿನಿಯಮ್ ಕೊಡಬಹುದಾ?

ಉತ್ತರ: ಎಷ್ಟು ವೀಕ್ ಅನ್ನೋದರ ಮೇಲಿದೆ. 2006ರಲ್ಲಿ, ಕಿಡ್ನಿ ತೀರಾ ಕೆಟ್ಟವರಲ್ಲಿ ಈ ಔಷಧಿಯ ನಂತರ ಚರ್ಮ, ಒಳಗಿನ ಅಂಗಗಳು ಗಟ್ಟಿಯಾಗುವ ಕಾಯಿಲೆ ಬರುತ್ತದೆ ಅಂತ ಗೊತ್ತಾಯಿತು. ಆಮೇಲೆ ಲೋಹವನ್ನು ಪಂಜರದ ಹಾಗೆ ಸುತ್ತುವರಿದು ಹಿಡಿದ ಔಷಧಿಗಳನ್ನೇ ಜಾಸ್ತಿ ಬಳಸತೊಡಗಿದರು, ಅವುಗಳಲ್ಲಿ ಈ ಅಪಾಯ ತೀರಾ ಕಡಿಮೆ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ಹೇಳುವ ಇಜಿಎಫ್‌ಆರ್ ಅನ್ನುವ ಅಂಕಿ 30ಕ್ಕಿಂತ ಕೆಳಗಿದ್ದರೆ ಕಿಡ್ನಿ ಡಾಕ್ಟರನ್ನೂ ಕೇಳಿಯೇ ಮುಂದುವರಿಯಿರಿ. ಔಷಧಿಯ ಸ್ವಲ್ಪ ಅಂಶ ಮಿದುಳಿನಲ್ಲಿ ಉಳಿಯುತ್ತದೆ ಅಂತ 2014ರಿಂದ ವರದಿಗಳಿವೆ. ಅದರಿಂದ ಕೆಡುಕಾದದ್ದು ಸಾಬೀತಾಗಿಲ್ಲ, ಆದರೂ ಬೇಕಿಲ್ಲದೆ ಮತ್ತೆ ಮತ್ತೆ ಮಾಡಿಸೋದು ಜಾಣತನ ಅಲ್ಲ.

ಪ್ರಶ್ನೆ: ನನಗೆ ಇಕ್ಕಟ್ಟಿನ ಜಾಗ ಅಂದರೆ ಭಯ, ಉಸಿರೂ ಜಾಸ್ತಿ ಹೊತ್ತು ಹಿಡಿಯೋಕಾಗಲ್ಲ. ಪೇಸ್‌ಮೇಕರ್ ಬೇರೆ ಇದೆ. ನನಗೆ ಈ ಪರೀಕ್ಷೆ ಆಗಲ್ವಾ?

ಉತ್ತರ: ಆಗಬಹುದು. ಪೇಸ್‌ಮೇಕರ್ ಎಂಆರ್‌ಐಗೆ ಹೊಂದುವಂಥದ್ದಾ ಅಂತ ಅದರ ಕಾರ್ಡಿನಲ್ಲಿ ಬರೆದಿರುತ್ತದೆ, ಕಾರ್ಡನ್ನು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ತೋರಿಸಿ, ಆ ದಿನ ಬಾಗಿಲಲ್ಲಿ ಅಲ್ಲ. ಸ್ಕ್ಯಾನ್‌ಗೆ ಮೊದಲು ಅದರ ಸೆಟ್ಟಿಂಗ್ ಬದಲಾಯಿಸಿ, ಮುಗಿದ ಮೇಲೆ ವಾಪಸ್ ಹಾಕುತ್ತಾರೆ. ಡಬ್ಬಿಯ ಲೋಹದಿಂದ ಚಿತ್ರ ಸ್ವಲ್ಪ ಕೆಡಬಹುದು. ಉಸಿರಿನ ಚಿಂತೆ ಈಗ ಮೊದಲಿನಷ್ಟಿಲ್ಲ, ಹರಿವಿನ ಭಾಗವನ್ನು ಮಾಮೂಲಾಗಿ ಉಸಿರಾಡುತ್ತಲೇ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಸರಿ ಹೊಂದಿಸುತ್ತಾರೆ. ಭಯಕ್ಕೆ ಒಂದು ಉಪಾಯ ಹೇಳುತ್ತೇನೆ. ಒಳಗೆ ಹೋಗುವ ಮೊದಲೇ ಕಣ್ಣು ಮುಚ್ಚಿಕೊಳ್ಳಿ, ಒಳಗೆ ಹೋದ ಮೇಲಲ್ಲ. ಮೇಲೆ ಒಂದು ಬಟ್ಟೆ ಕೇಳಿ ಪಡೆಯಿರಿ. ಕೈಯಲ್ಲಿ ಒತ್ತುವ ಗುಂಡಿ ಕೊಟ್ಟಿರುತ್ತಾರೆ, ಒತ್ತಿದರೆ ಮಾತಾಡಿಸುತ್ತಾರೆ. ಮೊದಲ ಸಲ ಸುಮ್ನೆ ಒತ್ತಿ ನೋಡಿ, ಯಾರೂ ಬೈಯೋದಿಲ್ಲ.